ರೂಢಿಯ ಎದುರು ಹೆಣ್ಣುಮಕ್ಕಳ ಪಾಲು: 1937ರ ಶರೀಅತ್ ಕಾಯ್ದೆಯ ಹಿನ್ನೆಲೆ

ಹಿಜರಿ 3ನೆಯ ವರ್ಷದ ಉಹುದ್ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರಿಗೆ ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದರು. ಅಂದಿನ ಅರಬರ ರೂಢಿಯಂತೆ ಅವರ ಸಹೋದರರು ಸಮಸ್ತ ಆಸ್ತಿಯನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ವಿಧವೆಯು ಇಬ್ಬರು ಮಕ್ಕಳನ್ನು ಕರೆದುಕೊಂಡು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬಂದರು. ಸೊತ್ತಿಲ್ಲದ ಹುಡುಗಿಯರನ್ನು ಯಾರು ವಿವಾಹವಾಗುತ್ತಾರೆಂಬುದು ಆ ತಾಯಿಯ ಅಳಲಾಗಿತ್ತು. ಈ ವಿಷಯದಲ್ಲಿ ಅಲ್ಲಾಹನೇ ತೀರ್ಮಾನ ನೀಡುವನೆಂದು ಪ್ರವಾದಿ(ಸ) ತಿಳಿಸಿದರು. ಅನಂತರ ಸೂರಃ ಅನ್ನಿಸಾದ ಉತ್ತರಾಧಿಕಾರದ ಸೂಕ್ತಗಳು ಅವತೀರ್ಣವಾದವು. ಪ್ರವಾದಿ(ಸ) ಆ ಸಹೋದರರನ್ನು ಕರೆಸಿ, ಹೆಣ್ಣುಮಕ್ಕಳಿಬ್ಬರಿಗೆ ಮೂರನೇ ಎರಡು ಭಾಗ, ತಾಯಿಗೆ ಎಂಟನೇ ಒಂದು ಭಾಗ ಕೊಟ್ಟು, ಉಳಿದುದನ್ನು ಇಟ್ಟುಕೊಳ್ಳುವಂತೆ ಆದೇಶಿಸಿದರು. ಆಸ್ತಿಯನ್ನು 24 ಪಾಲು ಮಾಡಿದರೆ ಹೆಣ್ಣುಮಕ್ಕಳಿಗೆ 16, ತಾಯಿಗೆ 3, ಸಹೋದರರಿಗೆ 5. ಹಝ್ರತ್ ಜಾಬಿರ್(ರ) ವರದಿ ಮಾಡಿದ ಈ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ.

ಈ ಘಟನೆಯನ್ನು ನಮ್ಮಲ್ಲಿ ಅನೇಕರು ಪ್ರವಚನಗಳಲ್ಲಿ ಕೇಳಿದ್ದಾರೆ. ಆದರೆ ಅದೇ ಪಾಲಿಗಾಗಿ ನಮ್ಮದೇ ದೇಶದ ಮುಸ್ಲಿಮ್ ಹೆಣ್ಣುಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿ, ಮುಸ್ಲಿಮ್ ಸಹೋದರರ ಎದುರಿನಲ್ಲಿ ಸೋತ ಇತಿಹಾಸ ಅಷ್ಟಾಗಿ ತಿಳಿದಿಲ್ಲ.

1847ರಲ್ಲಿ ಮುಂಬಯಿಯ ಸುಪ್ರೀಂ ಕೋರ್ಟಿನ ಮುಂದೆ ಎರಡು ಮೊಕದ್ದಮೆಗಳು ಬಂದವು. ಒಂದು ಖೋಜಾ ಕುಟುಂಬದ್ದು, ಇನ್ನೊಂದು ಕಚ್ಛಿ ಮೇಮನ್ ಕುಟುಂಬದ್ದು. ಎರಡರಲ್ಲೂ ಹೆಣ್ಣುಮಕ್ಕಳು ತಂದೆಯ ಆಸ್ತಿಯಲ್ಲಿ ಕುರ್‌ಆನ್ ನಿಗದಿಪಡಿಸಿದ ಪಾಲನ್ನು ಕೇಳಿದ್ದರು. ಎದುರು ಪಕ್ಷದ ವಾದ ಸರಳವಾಗಿತ್ತು: ನಮ್ಮ ಜಮಾಅತಿನ ರೂಢಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ, ಮದುವೆಯಾಗುವವರೆಗೆ ಪೋಷಣೆ ಮತ್ತು ಮದುವೆಯ ಖರ್ಚು, ಅಷ್ಟೇ. ನ್ಯಾಯಾಧೀಶ ಸರ್ ಎರ್ಸ್ಕಿನ್ ಪೆರಿ ಈ ವಾದವನ್ನು ಎತ್ತಿಹಿಡಿದರು. ರೂಢಿ ಸಾಬೀತಾದರೆ ಅದು ಕುರ್‌ಆನಿನ ವಿಧಿಗೆ ವಿರುದ್ಧವಾಗಿದ್ದರೂ ನ್ಯಾಯಾಲಯ ಅದನ್ನೇ ಮಾನ್ಯ ಮಾಡುವುದು ಎಂಬುದು ತೀರ್ಪಿನ ಸಾರಾಂಶ. ಪಂಜಾಬಿನಲ್ಲಿ ಇದಕ್ಕೆ ಶಾಸನದ ಬಲವೇ ದೊರೆಯಿತು. 1872ರ ಪಂಜಾಬ್ ಕಾನೂನುಗಳ ಕಾಯ್ದೆಯು ಉತ್ತರಾಧಿಕಾರ, ವಿವಾಹ ಮೊದಲಾದ ವಿಷಯಗಳಲ್ಲಿ ರೂಢಿಗೆ ಮೊದಲ ಸ್ಥಾನ ಕೊಟ್ಟಿತು. ಹೊಲಗದ್ದೆಗಳಿದ್ದ ಅಲ್ಲಿನ ಮುಸ್ಲಿಮ್ ಕುಟುಂಬಗಳಲ್ಲಿ ಭೂಮಿ ಮನೆಯಾಚೆ ಹೋಗಬಾರದೆಂದು ಮಗಳನ್ನು ಪಾಲಿನಿಂದ ಹೊರಗಿಡಲಾಯಿತು. ದೋಷವನ್ನು ಬ್ರಿಟಿಷರ ಮೇಲೆ ಮಾತ್ರ ಹೊರಿಸುವುದು ಸುಲಭ. ಆದರೆ ಆ ರೂಢಿಯನ್ನು ನ್ಯಾಯಾಲಯಕ್ಕೆ ತಂದು ಸಾಕ್ಷಿ ನುಡಿಸಿದವರು ನಮಾಝ್ ಮಾಡುತ್ತಿದ್ದ ನಮ್ಮವರೇ ಎಂಬುದನ್ನು ಮರೆಯುವಂತಿಲ್ಲ.

ಎಲ್ಲ ರೂಢಿಗಳೂ ಒಂದೇ ಬಗೆಯವಾಗಿರಲಿಲ್ಲ. ಉತ್ತರ ಮಲಬಾರಿನ ಮಾಪಿಳ್ಳೆಗಳಲ್ಲಿ ತುಳುನಾಡಿನ ಅಳಿಯ ಸಂತಾನವನ್ನು ಹೋಲುವ ಮರುಮಕ್ಕತ್ತಾಯಂ ಇತ್ತು. ಅಲ್ಲಿ ತರವಾಡಿನ ಆಸ್ತಿ ತಾಯಿಯ ಸಂತತಿಯಲ್ಲಿ ಇಳಿಯುತ್ತಿತ್ತು. ಸತ್ತವನ ಸ್ವಂತ ಹೆಂಡತಿ ಮಕ್ಕಳಿಗೆ ಅದರಲ್ಲಿ ಹಕ್ಕಿರಲಿಲ್ಲ. ಮದ್ರಾಸ್ ಸರಕಾರ 1918 ಮತ್ತು 1939ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾಯ್ದೆಗಳನ್ನು ಮಾಡಬೇಕಾಯಿತು.

ಇಪ್ಪತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಉಲಮಾಗಳೂ ಮುಸ್ಲಿಮ್ ಮಹಿಳಾ ಸಂಘಟನೆಗಳೂ ಒಂದೇ ಬೇಡಿಕೆಯನ್ನು ಮುಂದಿಟ್ಟರು: ರೂಢಿ ಬೇಡ, ಶರೀಅತ್ ಬೇಕು. 1935ರಲ್ಲಿ ವಾಯವ್ಯ ಗಡಿ ಪ್ರಾಂತವು ಈ ಬಗೆಯ ಕಾನೂನನ್ನು ಮಾಡಿತು. ಕೇಂದ್ರ ಶಾಸನ ಸಭೆಯಲ್ಲಿ ಹಾಫಿಝ್ ಮುಹಮ್ಮದ್ ಅಬ್ದುಲ್ಲಾ ಮಸೂದೆಯನ್ನು ಮಂಡಿಸಿದರು. ಜಮೀಯತುಲ್ ಉಲಮಾಯೆ ಹಿಂದ್ ಅದನ್ನು ಬೆಂಬಲಿಸಿತು. ಮಸೂದೆಯ ಉದ್ದೇಶ ವಿವರಣೆಯಲ್ಲಿ, ರೂಢಿಗತ ಕಾನೂನಿನಡಿ ಮುಸ್ಲಿಮ್ ಮಹಿಳೆಯರ ಸ್ಥಿತಿ ನಾಚಿಕೆಗೇಡಿನದ್ದಾಗಿದೆ ಎಂದೇ ಹೇಳಲಾಗಿತ್ತು. 1937ರ ಅಕ್ಟೋಬರ್ 7ರಂದು ಜಾರಿಗೆ ಬಂದ ಮುಸ್ಲಿಮ್ ವೈಯಕ್ತಿಕ ಕಾನೂನು (ಶರೀಅತ್) ಅನ್ವಯ ಕಾಯ್ದೆಯ ಹುಟ್ಟು ಇದು. ಇಂದು ‘ಪರ್ಸನಲ್ ಲಾ’ ಎಂದೊಡನೆ ತಲಾಕಿನ ಚರ್ಚೆ ಮಾತ್ರ ಏಳುತ್ತದೆ. ಆದರೆ ಆ ಕಾಯ್ದೆಯ 2ನೆಯ ಕಲಮಿನ ಪಟ್ಟಿಯಲ್ಲಿ ಮೊದಲು ಬರುವುದು ಉತ್ತರಾಧಿಕಾರ, ಅದರ ಬೆನ್ನಿಗೇ ಸ್ತ್ರೀಯರ ಸ್ವಂತ ಆಸ್ತಿ. ತಲಾಕ್ ಬರುವುದು ಅನಂತರ.

ಅದೇ ಕಲಮಿನಲ್ಲಿ ಒಂದು ಕಿಂಡಿಯೂ ಉಳಿಯಿತು: ಕೃಷಿಭೂಮಿಯ ಪ್ರಶ್ನೆಗಳನ್ನು ಹೊರತುಪಡಿಸಿ. 1935ರ ಭಾರತ ಸರಕಾರ ಕಾಯ್ದೆಯು ಕೃಷಿಭೂಮಿಯ ಉತ್ತರಾಧಿಕಾರವನ್ನು ಪ್ರಾಂತಗಳ ಅಧಿಕಾರಕ್ಕೆ ಬಿಟ್ಟಿದ್ದರಿಂದ ಕೇಂದ್ರವು ಅದನ್ನು ಮುಟ್ಟುವಂತಿರಲಿಲ್ಲ. ಕಾರಣವೇನೇ ಇರಲಿ, ಆಸ್ತಿಯೆಂದರೆ ಭೂಮಿಯೇ ಆಗಿದ್ದ ಕಾಲದಲ್ಲಿ ಇದು ಸಣ್ಣ ಕಿಂಡಿಯಲ್ಲ. ಮದ್ರಾಸ್ ಪ್ರಾಂತವು 1949ರಲ್ಲಿ ತಿದ್ದುಪಡಿ ಮಾಡಿ ಅದನ್ನು ಮುಚ್ಚಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೇ ಸೇರಿತ್ತು. ಹಳೆಯ ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳ ಪ್ರದೇಶಗಳಿಗೆ ಮೂಲ ಕಾಯ್ದೆ ವಿಸ್ತರಣೆಯಾದದ್ದು 1959ರ ಒಂದು ಕೇಂದ್ರ ಕಾಯ್ದೆಯ ಮೂಲಕ. ಹೀಗೆ ಇಂದಿನ ಕರ್ನಾಟಕದ ಮುಸ್ಲಿಮರಿಗೆ ಈ ಕಾನೂನು ಬೇರೆ ಬೇರೆ ದಾರಿಗಳಿಂದ ಬಂದಿದೆ. ಕೃಷಿಭೂಮಿಯನ್ನು ಹೊರಗಿಟ್ಟ ಮಾತು ಉಳಿದಿರುವ ಕಡೆಯಲ್ಲೂ ಮಗಳಿಗೆ ಜಮೀನಿನಲ್ಲಿ ಪಾಲಿಲ್ಲವೆಂದು ಅದರ ಅರ್ಥವಲ್ಲ. ಪಾಲನ್ನು ತಪ್ಪಿಸುವ ರೂಢಿಯಿದೆ ಎನ್ನುವವನು ಅದನ್ನು ಸಾಕ್ಷ್ಯದಿಂದ ರುಜುವಾತುಪಡಿಸಬೇಕು.

2025ರ ಜನವರಿಯಲ್ಲಿ ಉತ್ತರಾಖಂಡದಲ್ಲಿ ಸಮಾನ ನಾಗರಿಕ ಸಂಹಿತೆ ಜಾರಿಗೆ ಬಂದ ಮೇಲೆ ಶರೀಅತ್ ಸಂರಕ್ಷಣೆಯ ಮಾತು ನಮ್ಮ ವೇದಿಕೆಗಳಲ್ಲಿ ಮತ್ತೆ ಕೇಳಿಬರುತ್ತಿದೆ. ಆ ಕಾಳಜಿ ನ್ಯಾಯವಾದುದೇ. ಆದರೆ ಅದೇ ವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವುದೇನು? ತಂದೆ ತೀರಿಹೋಗಿ ಕೆಲವು ತಿಂಗಳಾಗಿರುತ್ತದೆ. ಅಣ್ಣ ಹಕ್ಕು ಬಿಡುಗಡೆ ಪತ್ರವನ್ನು ಸಿದ್ಧಪಡಿಸಿ ತಂಗಿಯರನ್ನು ಕರೆತರುತ್ತಾನೆ. ‘ನಿನ್ನ ಮದುವೆಗೆ ಅಪ್ಪ ಖರ್ಚು ಮಾಡಲಿಲ್ಲವೇ?’ ಎನ್ನುತ್ತಾನೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ತಂಗಿ ಹೆಬ್ಬೆಟ್ಟು ಒತ್ತುತ್ತಾಳೆ. 1847ರಲ್ಲಿ ಮುಂಬಯಿಯ ನ್ಯಾಯಾಲಯದಲ್ಲಿ ಮಂಡಿಸಿದ ವಾದಕ್ಕೂ ಇದಕ್ಕೂ ಅಕ್ಷರದ ವ್ಯತ್ಯಾಸವಿಲ್ಲ. ಅಂದು ರೂಢಿಯನ್ನು ಸಾಬೀತುಪಡಿಸಲು ಸಾಕ್ಷಿಗಳು ಬೇಕಿದ್ದರು, ಇಂದು ಅವಳ ರುಜುವೇ ಸಾಕಾಗಿದೆ.

ಲೆಕ್ಕ ಕಷ್ಟದ್ದೇನೂ ಅಲ್ಲ. ಪತ್ನಿ, ಒಬ್ಬ ಮಗ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಒಬ್ಬರು ಮರಣಹೊಂದಿದರು ಎನ್ನೋಣ. ಅಂತ್ಯಸಂಸ್ಕಾರದ ವೆಚ್ಚ, ಸಾಲ, ಕೊಡದೆ ಉಳಿದ ಮಹ್ರ್ ಮತ್ತು ಮೂರನೇ ಒಂದಕ್ಕೆ ಮೀರದ ವಸಿಯ್ಯತ್ ತೀರಿದ ಮೇಲೆ 32 ಲಕ್ಷ ರೂಪಾಯಿ ಉಳಿದರೆ, ಪತ್ನಿಗೆ 4 ಲಕ್ಷ, ಮಗನಿಗೆ 14 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 7 ಲಕ್ಷ. ತಂದೆ ಮಾಡಿದ ಮದುವೆಯ ಖರ್ಚನ್ನು ಈ 7 ಲಕ್ಷದಿಂದ ಕಳೆಯಲು ಫರಾಇಝ್‌ನಲ್ಲಿ ಅವಕಾಶವಿಲ್ಲ.

ತಂದೆ ಬದುಕಿರುವಾಗಲೇ ಮಗಳಿಂದ ಬರೆಸಿಕೊಂಡ ಬಿಡುಗಡೆ ಪತ್ರದ ವಿಷಯ ಬೇರೆ. ಮರಣಕ್ಕೆ ಮುನ್ನ ವಾರಸುದಾರರಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಹುಟ್ಟದ ಹಕ್ಕನ್ನು ಬಿಟ್ಟುಕೊಡುವುದು ಸಾಧ್ಯವಿಲ್ಲ. ಆದರೂ ಅದಕ್ಕೆ ಪ್ರತಿಫಲವಾಗಿ ಹಣ ಪಡೆದವರು ಅನಂತರ ಪಾಲು ಕೇಳದಂತೆ ತಡೆಯುಂಟಾಗಬಹುದೆಂದು ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿದೆ. ತಂದೆಯ ಮರಣಾನಂತರ ಸ್ವಇಚ್ಛೆಯಿಂದ ಪಾಲು ಬಿಡುವುದಕ್ಕೆ ಅಡ್ಡಿಯಿಲ್ಲ. ಪಾಲು ಮೊದಲು ಅವಳ ಕೈಸೇರಲಿ, ಅನಂತರ ಅವಳು ಬಯಸಿದರೆ ಅಣ್ಣನಿಗೆ ಹಿಬಾ ಮಾಡಲಿ. ಸ್ವಇಚ್ಛೆ ಎಂಬುದು ಆಗ ಮಾತ್ರ ತಿಳಿದೀತು.

ಪೌತಿ ಖಾತೆಯ ಅರ್ಜಿಯಲ್ಲಿಯೂ ಇದೇ ಎಚ್ಚರ ಬೇಕು. ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಕೈಬಿಡುವ ಚಾಳಿ ನಮ್ಮಲ್ಲೂ ಇದೆ. ಪಹಣಿಯಲ್ಲಿ ಅಣ್ಣನೊಬ್ಬನ ಹೆಸರು ಏರಿದ ಮಾತ್ರಕ್ಕೆ ತಂಗಿಯ ಒಡೆತನ ಅಳಿಯುವುದಿಲ್ಲ, ಏಕೆಂದರೆ ಪಹಣಿಯು ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಅವಳು ಸಿವಿಲ್ ನ್ಯಾಯಾಲಯದಲ್ಲಿ ಪಾಲಿನ ದಾವೆ ಹೂಡಬಹುದು. ಅಂಥ ದಾವೆಗಳು ವರ್ಷಗಟ್ಟಲೆ ನಡೆಯುತ್ತವೆ. ಎಷ್ಟೋ ಬಾರಿ ತೀರ್ಪು ಬರುವಷ್ಟರಲ್ಲಿ ಆ ಅಣ್ಣ ತಂಗಿಯರ ಮಕ್ಕಳು ವಾದಿ ಪ್ರತಿವಾದಿಗಳಾಗಿರುತ್ತಾರೆ.