ಪ್ರಮಾಣವೂ ಪ್ರಮಾಣಪತ್ರವೂ: ಅಣುಶಕ್ತಿಯ ಒತ್ತಡಪಾತ್ರೆಗಳ ಪರೀಕ್ಷಾಚರಿತ್ರೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಬಯಲಿನ ಮೇಲೆ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು 2019ರಲ್ಲಿ ಪೂರ್ಣಗೊಂಡಿತು. ಅಲ್ಲಿ ನೀರು ಕುದಿಯುವುದಿಲ್ಲ, ಆವಿ ಹುಟ್ಟುವುದಿಲ್ಲ, ಆದುದರಿಂದ ಪಾತ್ರೆಯೊಡೆಯುವ ಭಯವೂ ಇಲ್ಲ. ಆದರೆ ಸೂರ್ಯಾಸ್ತದ ಮೇಲೆ ಮಧುಗಿರಿ, ಸಿರಾ, ಕೊರಟಗೆರೆಗಳ ಮನೆಗಳಲ್ಲಿ ಬೆಳಗುವ ದೀಪಕ್ಕೆ ಆವಿಯ ಸಹಾಯವು ಇಂದಿಗೂ ಬೇಕು. ರಾಯಚೂರಿನ ಕಲ್ಲಿದ್ದಲಿನಿಂದಲೂ ಕೈಗಾದ ಯುರೇನಿಯಮಿನಿಂದಲೂ ಹುಟ್ಟಿದ ಶಕ್ತಿಯು ಅದೇ ವಿದ್ಯುಜ್ಜಾಲವನ್ನು ಸೇರುತ್ತದೆ. ಒತ್ತಡವನ್ನು ತಾಳತಕ್ಕ ಪಾತ್ರೆಯು ಗಟ್ಟಿಯೆಂದು ಹೇಳಲು ಅಧಿಕಾರಿ ಯಾರು, ಅವನ ಮಾತನ್ನು ನಂಬುವುದೆಂತು, ಎಂಬುದೇ ಪ್ರಕೃತ ವಿಚಾರ.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನಾಲ್ಕು ಪ್ರಮಾಣಗಳನ್ನು ಒಪ್ಪಿರುವರು. ಇವುಗಳಲ್ಲಿ ಶಬ್ದವು ಪ್ರಮಾಣವಾಗುವುದು ವಕ್ತೃವು ಆಪ್ತನಾದರೆ ಮಾತ್ರ. ಆಪ್ತನೆಂದರೆ ವಸ್ತುವನ್ನು ಯಥಾರ್ಥವಾಗಿ ಅರಿತು, ಅರಿತಂತೆಯೇ ಹೇಳತಕ್ಕವನು. ಪ್ರಮಾಣಪತ್ರವೂ ಒಂದು ಶಬ್ದವೇ ಎಂಬುದನ್ನು ಇಲ್ಲಿ ಲಕ್ಷಿಸಬೇಕು.

1865ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದ ಬಿಯರ್ ಕಾರ್ಖಾನೆಯೊಂದರಲ್ಲಿ ಬಾಯ್ಲರು ಸಿಡಿಯಿತು. ಮರುವರ್ಷವೇ ಬಾಯ್ಲರುಗಳ ಒಡೆಯರು ಸಂಘವೊಂದನ್ನು ಕಟ್ಟಿ ಪರೀಕ್ಷಕರನ್ನು ನಿಯಮಿಸಿಕೊಂಡರು. ಮಾಡಿದವನ ಮಾತು ಸಾಲದು, ಬೇರೊಬ್ಬನು ನೋಡಿ ಹೇಳಬೇಕು ಎಂಬ ತತ್ತ್ವವು ಹೀಗೆ ನೆಲೆಗೊಂಡಿತು. ಭಾರತದಲ್ಲಿ 1923ರ ಬಾಯ್ಲರ್ ಶಾಸನದ ತಿರುಳೂ ಇದೇ ಆಗಿತ್ತು.

ಐರೋಪ್ಯ ಒಕ್ಕೂಟವು ಒತ್ತಡದ ಉಪಕರಣಗಳನ್ನು ಕುರಿತು 1997ರಲ್ಲಿ ಒಂದು ನಿರ್ದೇಶವನ್ನು ಹೊರಡಿಸಿತು. ಅದರ ಸ್ಥಾನಕ್ಕೆ 2014ರ ನಿರ್ದೇಶವು ಬಂದಿತು. ಅಣುಶಕ್ತಿಗೆಂದೇ ರಚಿತವಾಗಿ, ಕೆಟ್ಟರೆ ವಿಕಿರಣವನ್ನು ಹೊರಸೂಸಬಹುದಾದ ಪಾತ್ರೆಗಳನ್ನು ಎರಡೂ ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟವು. ಅವುಗಳ ವಿಧಿಯು ಆಯಾ ದೇಶದ ಹೊಣೆಯಾಯಿತು. ಫ್ರಾನ್ಸು 2005ರ ಡಿಸೆಂಬರಿನಲ್ಲಿ ಇದಕ್ಕಾಗಿಯೇ ಪ್ರತ್ಯೇಕವಾದ ಆಜ್ಞೆಯನ್ನು ಹೊರಡಿಸಿತು.

ಈ ವಿಧಿಗೆ ಕಠಿನಪರೀಕ್ಷೆಯೊದಗಿದುದು ಫ್ಲಾಮಾನ್‌ವಿಲ್ ಎಂಬಲ್ಲಿ. ಅಲ್ಲಿಯ ಮೂರನೆಯ ರಿಯಾಕ್ಟರಿನ ಪಾತ್ರೆಯ ಮುಚ್ಚಳವೂ ತಳವೂ ಲ ಕ್ರೂಸೊದ ಕುಲುಮೆಯಲ್ಲಿ ಸಿದ್ಧವಾಗಿದ್ದವು. 2014ರಲ್ಲಿ ಪಾತ್ರೆಯನ್ನು ಅದರ ಸ್ಥಾನದಲ್ಲಿ ಕೂಡಿಸಿಯೂ ಆಗಿತ್ತು. ಅನಂತರ, ಅದೇ ಕ್ರಮದಿಂದ ಮಾಡಿದ ಬೇರೊಂದು ಮುಚ್ಚಳವನ್ನು ಪರೀಕ್ಷಿಸಲಾಗಿ, ಉಕ್ಕಿನಲ್ಲಿ ಶೇಕಡಾ 0.22ರಷ್ಟಿರಬೇಕಾದ ಇಂಗಾಲವು 0.30ರವರೆಗೆ ಕಂಡುಬಂದಿತು. 2015ರ ಏಪ್ರಿಲಿನಲ್ಲಿ ಈ ದೋಷವು ಪ್ರಕಟವಾಯಿತು. 2016ರಲ್ಲಿ ಆ ಕುಲುಮೆಯ ದಾಖಲೆಗಳಲ್ಲಿಯೇ ಅಕ್ರಮಗಳು ಬೆಳಕಿಗೆ ಬಂದುವು. ಶಬ್ದವು ಹೀಗೆ ಶಿಥಿಲವಾಗಲು, ಸದೃಶವಾದ ಭಾಗಗಳನ್ನು ಕತ್ತರಿಸಿ ನೋಡಿ, ಅದರಿಂದ ನಿಜವಾದ ಪಾತ್ರೆಯ ಬಲವನ್ನು ಊಹಿಸಬೇಕಾಯಿತು. 2017ರಲ್ಲಿ ನಿಯಂತ್ರಣಾಧಿಕಾರಿಗಳು ವಿವೇಕದಿಂದ ಭೇದಮಾಡಿದರು: ತಳವನ್ನು ಕಾಲಕಾಲಕ್ಕೆ ಪರೀಕ್ಷಿಸಲು ಸಾಧ್ಯವಿದ್ದುದರಿಂದ ಅದು ಇರಬಹುದು, ಮುಚ್ಚಳದಲ್ಲಿ ಅಂತಹ ಪರೀಕ್ಷೆಯು ಸಾಧ್ಯವೆಂದು ಸಿದ್ಧವಾಗದುದರಿಂದ ಕಾಲಮಿತಿಯೊಳಗೆ ಅದನ್ನು ಬದಲಿಸಬೇಕು. 2024ರ ಡಿಸೆಂಬರಿನಲ್ಲಿ ಆ ರಿಯಾಕ್ಟರಿನ ವಿದ್ಯುತ್ತು ಜಾಲವನ್ನು ಸೇರಿತು.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದ ದೃಷ್ಟಾಂತವು ಕೈಗಾದ್ದು. ಅಲ್ಲಿ ಅಂತಹ ಒಂದೇ ಮಹಾಪಾತ್ರೆಯಿಲ್ಲ. ಪ್ರತಿಯೊಂದು ರಿಯಾಕ್ಟರಿನಲ್ಲಿಯೂ 306 ಒತ್ತಡದ ಕೊಳವೆಗಳಿವೆ. ಇವೆಲ್ಲವನ್ನೂ ಆವರಿಸಿ, ಅಪಘಾತದ ಕಾಲದಲ್ಲಿ ಒಳಗಿನ ಒತ್ತಡವನ್ನು ತಡೆಯತಕ್ಕದ್ದು ಕಾಂಕ್ರೀಟಿನ ಗುಮ್ಮಟ. 1994ರ ಮೇ 13ರಂದು, ಕಟ್ಟುತ್ತಿರುವಾಗಲೇ ಒಳಗುಮ್ಮಟದ ಕಾಂಕ್ರೀಟು ಪದರು ಕಳಚಿ ಬಿದ್ದಿತು. ಇಂಧನವನ್ನು ಇನ್ನೂ ತುಂಬದಿದ್ದುದರಿಂದ ವಿಕಿರಣದ ಅಪಾಯವೊದಗಲಿಲ್ಲ. ರಚನೆಯನ್ನು ಪುನಃ ವಿಮರ್ಶಿಸಿ ಗುಮ್ಮಟವನ್ನು ಹೊಸದಾಗಿ ಕಟ್ಟಲಾಯಿತು. ಮೊದಲೆರಡು ಘಟಕಗಳು 2000ದಲ್ಲಿ ಕಾರ್ಯಾರಂಭಮಾಡಿದವು. ಅವುಗಳಲ್ಲಿ ಒಂದು 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನಗಳು ನಡೆದು ಅಂದಿಗೆ ಲೋಕದಲ್ಲಿಯೇ ಮೊದಲೆನಿಸಿತು.

ಫ್ಲಾಮಾನ್‌ವಿಲ್ಲಿನಲ್ಲಿ ಪತ್ರವಿದ್ದೂ ಉಕ್ಕು ಸಂದೇಹಾಸ್ಪದವಾಯಿತು; ಕೈಗಾದಲ್ಲಿ ಒಪ್ಪಿಗೆ ಪಡೆದ ನಕ್ಷೆಯಿದ್ದೂ ಗುಮ್ಮಟವು ಕಳಚಿತು. ಎರಡೆಡೆಯಲ್ಲಿಯೂ ಉದ್ಧಾರವಾದುದು ಮರುಪರೀಕ್ಷೆಯಿಂದ. ಪ್ರತ್ಯಕ್ಷದ ಆಧಾರವಿರುವವರೆಗೆ ಮಾತ್ರ ಪತ್ರವು ಪ್ರಮಾಣ. ಅದು ತಪ್ಪಿದೊಡನೆ ಬರಿಯ ಕಾಗದ.