ಶಿರಾದಿಂದ ಹೊರಟ ಹನ್ನೆರಡು ಸಾವಿರ ಕುಟುಂಬಗಳು: ಒಂದು ಅಂಕಿಯ ಮರುಪರಿಶೀಲನೆ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಚರಿತ್ರೆ ಬರೆಯುವವರೆಲ್ಲ ಎರಡು ಅಂಕಿಗಳನ್ನು ಕಣ್ಣುಮುಚ್ಚಿ ಎತ್ತಿಕೊಳ್ಳುತ್ತಾರೆ. ಮೊಗಲ ಸುಬೇದಾರ ದಿಲಾವರ್ ಖಾನನ ಕಾಲದಲ್ಲಿ ಶಿರಾದಲ್ಲಿ 50,000 ಮನೆಗಳಿದ್ದವು ಎನ್ನುವುದು ಒಂದು. ಟಿಪ್ಪು ಅಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಂ ಪೇಟೆಗೆ ಸಾಗಿಸಿದ ಎನ್ನುವುದು ಇನ್ನೊಂದು. ಎರಡನ್ನೂ ಜೋಡಿಸಿ, ಮೊಗಲ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿಯೊಂದನ್ನು ಸುಲ್ತಾನನೊಬ್ಬ ಬರಿದುಮಾಡಿದ, ಈಗ ಇಲ್ಲಿರುವ ಜನ ಆ ನಗರದ ಅಳಿದುಳಿದವರು ಎಂಬ ಕಥೆ ಕಟ್ಟಿದ್ದಾಗಿದೆ. ಈ ಕಥೆ ನಿಲ್ಲುವುದಿಲ್ಲ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಎರಡೂ ಅಂಕಿಗಳು ನಮ್ಮ ಕೈಸೇರಿದ್ದು ಮುಖ್ಯವಾಗಿ ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಜೆಟಿಯರ್ ಮೂಲಕ. ರೈಸ್ ಮೇಲೆ ನನಗೆ ಅಪಾರ ಗೌರವವಿದೆ. 1904ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವನ್ನು ಬಿಟ್ಟು ತುಮಕೂರು ಜಿಲ್ಲೆಯ ಬಗ್ಗೆ ಒಂದು ಸಾಲೂ ಬರೆಯಲಾಗದು. ಆದರೆ ಶಾಸನಗಳ ರೈಸ್ ಬೇರೆ, ಗ್ಯಾಜೆಟಿಯರಿನ ರೈಸ್ ಬೇರೆ. ಕಲ್ಲಿನ ಮೇಲಿನ ಒಂದೊಂದು ಅಕ್ಷರವನ್ನೂ ಅಳೆದು ತೂಗಿದ ವಿದ್ವಾಂಸರು ಗ್ಯಾಜೆಟಿಯರಿನಲ್ಲಿ ಕೇಳಿದ್ದನ್ನು ಕೇಳಿದಂತೆ ಬರೆದರು. ಹಾಗೆ ಬರೆಯುವಾಗ 50,000 ಮನೆಗಳ ಮಾತಿಗೆ ‘ಇತ್ತೆಂದು ಹೇಳುತ್ತಾರೆ’ ಎಂಬರ್ಥದ ಎಚ್ಚರಿಕೆಯನ್ನೂ ಸೇರಿಸಿದ್ದರು. ಆಮೇಲೆ ಬಂದವರು ಅಂಕಿಯನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಕೈಬಿಟ್ಟರು. ತಾಲ್ಲೂಕು ದರ್ಶನಗಳನ್ನೂ ಸ್ಮರಣ ಸಂಚಿಕೆಗಳನ್ನೂ ತಿರುವಿಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಮನೆಗಳ ಲೆಕ್ಕ. ಮನೆಯೊಂದಕ್ಕೆ ಐದು ಜನರಂತೆ ಹಿಡಿದರೂ 50,000 ಮನೆಗಳೆಂದರೆ ಎರಡೂವರೆ ಲಕ್ಷ ಜನ. 1871ರ ಜನಗಣತಿಯಲ್ಲಿ ದಂಡು ಪ್ರದೇಶವೂ ಸೇರಿ ಬೆಂಗಳೂರಿನ ಜನಸಂಖ್ಯೆ 1,42,513. ರೈಲು ಬಂದು, ಕಮಿಷನರರ ಕಚೇರಿ ನೆಲೆಸಿ, ಬ್ರಿಟಿಷ್ ಪಡೆ ಬೀಡುಬಿಟ್ಟ ಮೇಲಿನ ಬೆಂಗಳೂರು ಅದು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಸುಭಿಕ್ಷವೆನ್ನುವ ಬಯಲಿನಲ್ಲಿ, ಕೆರೆನೀರನ್ನೇ ನಂಬಿದ ಊರೊಂದು ಅದರ ಒಂದೂಮುಕ್ಕಾಲು ಪಟ್ಟು ಜನರನ್ನು ಸಾಕಿತ್ತು ಎನ್ನುವವರು, ಆ ಜನರಿಗೆ ರಾಗಿ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಯಾರೂ ಹೇಳಿಲ್ಲ.

ಎರಡನೆಯ ಅಂಕಿ ಹೆಚ್ಚು ಗಂಭೀರವಾದದ್ದು. ಅದನ್ನು ಪರೀಕ್ಷಿಸಲು ಬೇಕಾದ ಆಧಾರ 1807ರಲ್ಲೇ ಅಚ್ಚಾಗಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನೆಲ್ಲ ಸುತ್ತಿದ. ಶಿರಾ ಮತ್ತು ಮಧುಗಿರಿಯ ಬಗ್ಗೆ ಬರೆಯುವವರು ಅವನ ಪುಸ್ತಕದಲ್ಲಿ ಆಯಾ ಊರಿನ ಪುಟಗಳನ್ನಷ್ಟೇ ತೆರೆಯುತ್ತಾರೆ. ಶ್ರೀರಂಗಪಟ್ಟಣದ ಪುಟಗಳನ್ನು ಮಂಡ್ಯ ಜಿಲ್ಲೆಯವರಿಗೆ ಬಿಟ್ಟುಕೊಟ್ಟಿದ್ದಾರೆ. ನಮಗೆ ಬೇಕಾದ ಲೆಕ್ಕ ಇರುವುದು ಅಲ್ಲಿಯೇ. ಕೋಟೆಯೊಳಗೆ 4,163 ಮನೆ, 5,499 ಕುಟುಂಬ. ಗಂಜಾಂ ಪೇಟೆಯಲ್ಲಿ 2,216 ಮನೆ, 3,335 ಕುಟುಂಬ. ಮನೆಗೆ ಐವರಂತೆ ಅವನು ಹಾಕಿದ ಒಟ್ಟು ಜನಸಂಖ್ಯೆ 31,895.

ಈ ಸಣ್ಣ ಲೆಕ್ಕದಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಒಂದು, ಬುಕಾನನ್‌ಗೆ ಮನೆ ಬೇರೆ, ಕುಟುಂಬ ಬೇರೆ. ಗಂಜಾಂನಲ್ಲಿ ಎರಡು ಮನೆಗೆ ಮೂರು ಕುಟುಂಬಗಳ ಪ್ರಮಾಣವಿದೆ. ಹೀಗಿರುವಾಗ 50,000 ಮನೆಗಳಿಂದ 12,000 ಕುಟುಂಬಗಳನ್ನು ಕಳೆದು ‘ನಾಲ್ಕನೇ ಒಂದು ಪಾಲು ನಗರ ಖಾಲಿಯಾಯಿತು’ ಎನ್ನುವ ಲೆಕ್ಕಾಚಾರಕ್ಕೆ ಅರ್ಥವೇ ಇಲ್ಲ. ಸೇರಿನಲ್ಲಿ ಅಳೆದದ್ದನ್ನು ಮೊಳದಲ್ಲಿ ಕಳೆದಂತೆ ಅದು. ಎರಡು, ಕೋಟೆ ಮತ್ತು ಗಂಜಾಂ ಎರಡನ್ನೂ ಕೂಡಿಸಿದರೂ 1800ರಲ್ಲಿ ಶ್ರೀರಂಗಪಟ್ಟಣದ ದ್ವೀಪದಲ್ಲಿದ್ದದ್ದು 8,834 ಕುಟುಂಬ. ಶಿರಾ ಒಂದರಿಂದಲೇ ಬಂದರೆನ್ನುವ 12,000ಕ್ಕೆ ಇದು ಸಾಲದು.

ಇದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತಿದೆ, ಅದು ಹಗುರವಾದದ್ದೂ ಅಲ್ಲ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಪಡೆ ದ್ವೀಪಕ್ಕೆ ನುಗ್ಗಿ ಗಂಜಾಂ ಪೇಟೆಯನ್ನು ಹಿಡಿಯಿತು. 1799ರಲ್ಲಿ ರಾಜಧಾನಿಯೇ ಬಿತ್ತು. ಬುಕಾನನ್ ಎಣಿಸಿದ್ದು ಚದುರಿಹೋದ ಪೇಟೆಯನ್ನು, ತುಂಬಿದ ಪೇಟೆಯನ್ನಲ್ಲ. ಒಪ್ಪೋಣ. ಹಾಗಾದರೆ ಗಂಜಾಂ ಬಿಟ್ಟವರು ಹೋದದ್ದೆಲ್ಲಿಗೆ? ಊರಿಗೆ ಮರಳಿದ್ದರೆ ಶಿರಾದ ಅವನತಿಗೆ ಈ ಸ್ಥಳಾಂತರ ಶಾಶ್ವತ ಕಾರಣವಾಗುವುದಿಲ್ಲ. ಮರಳದೆ ದ್ವೀಪದಲ್ಲೇ ಉಳಿದಿದ್ದರೆ ಎಣಿಕೆಯಲ್ಲಿ ಅವರಿಗೆ ಜಾಗವಿಲ್ಲ. ಮೂರನೆಯ ದಾರಿ, ಅವರು ಬೇರೆಡೆ ಚೆದುರಿದರು ಅಥವಾ ಅಳಿದರು ಎಂಬುದು. ಅದು ಅಸಾಧ್ಯವಲ್ಲ. ಆದರೆ ಅದನ್ನು ಸಾಧಿಸುವ ಹೊಣೆ ಅಂಕಿಯನ್ನು ನಂಬುವವರ ಮೇಲಿದೆ.

ಜನರನ್ನು ಸಾಗಿಸಿಯೇ ಇಲ್ಲ ಎಂಬುದು ನನ್ನ ವಾದವಲ್ಲ. ಹೊಸ ಪೇಟೆ ಕಟ್ಟಲು ಟಿಪ್ಪು ಹೊರಗಿನಿಂದ ಜನರನ್ನು ತಂದದ್ದರಲ್ಲಿ ಅನುಮಾನಪಡುವಂಥದ್ದೇನಿಲ್ಲ, ಅವರಲ್ಲಿ ಶಿರಾದವರೂ ಇದ್ದಿರಬೇಕು. ಟಿಪ್ಪುವನ್ನು ತೆಗಳಲು ಈ ಅಂಕಿಯನ್ನು ಬಳಸುವವರೂ, ಹೊಗಳುವ ಭರದಲ್ಲಿ ಇಡೀ ಸಂಗತಿಯೇ ಇಂಗ್ಲಿಷರ ಕಟ್ಟುಕಥೆ ಎನ್ನುವವರೂ ಬುಕಾನನ್‌ನ ಕೋಷ್ಟಕ ನೋಡುವ ಗೋಜಿಗೇ ಹೋಗಿಲ್ಲ. (ಎರಡೂ ಪಕ್ಷದವರು ಒಬ್ಬರನ್ನೊಬ್ಬರು ಖಂಡಿಸಲು ರೈಸ್‌ನ ಅದೇ ವಾಕ್ಯವನ್ನು ಉದ್ಧರಿಸುವುದು ತಮಾಷೆ.)

ಹಾಗಾದರೆ ಶಿರಾ ಸೊರಗಿದ್ದೇಕೆ? ಕಾಲಾನುಕ್ರಮವೇ ಉತ್ತರ ಹೇಳುತ್ತದೆ. ರತ್ನಗಿರಿಯ ನಾಯಕರು ಕಟ್ಟತೊಡಗಿದ ಊರನ್ನು 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಹಿಡಿದ. 1687ರ ನಂತರ ಅದು ಮೊಗಲರ ಸುಬಾ ಕೇಂದ್ರವಾಯಿತು. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಅದರ ಕೈಕೆಳಗಿದ್ದವು. ಇಂಥ ಪಟ್ಟಣವನ್ನು ತುಂಬಿದವರು ಸುಬೇದಾರನ ಕುದುರೆ ದಂಡು, ಮುನ್ಷಿಗಳು, ಸರಬರಾಜಿನ ವರ್ತಕರು, ಅವರ ಆಳುಕಾಳುಗಳು. ಸಂಬಳ ಎಲ್ಲಿಯೋ ಅಲ್ಲಿ ಅವರು. 1757ರಲ್ಲಿ ಶಿರಾ ಮರಾಠರ ವಶವಾಯಿತು. 1761ರಲ್ಲಿ ಹೈದರ್ ಬಂದ, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಹದಿನೇಳು ವರ್ಷಗಳಲ್ಲಿ ನಾಲ್ಕು ಸಲ ಕೈಬದಲಾದ ರಾಜಧಾನಿಯನ್ನು ಆಸ್ಥಾನದ ಜನ ತಾವಾಗಿಯೇ ತೊರೆದಿರುತ್ತಾರೆ. ಟಿಪ್ಪು 1782ರಲ್ಲಿ ಪಟ್ಟಕ್ಕೆ ಬರುವ ಹೊತ್ತಿಗೆ ಸುಬಾ ಎಂಬುದು ಹೆಸರಿಗಷ್ಟೇ ಉಳಿದಿತ್ತು. ಅದರ ಮೇಲೆ 1791ರಲ್ಲಿ ಮರಾಠಾ ದಂಡು ಬಂತು. ಅದರ ಸೇನಾಪತಿ ಪರಶುರಾಮ ಭಾವೂನ ಹೆಸರು ಬುಕಾನನ್‌ನ ಪುಟಗಳಲ್ಲಿ ಹಾಳೂರು, ಹಸಿವುಗಳ ಜೊತೆಯಲ್ಲೇ ಬರುತ್ತದೆ. ಈ ಸಾಕ್ಷ್ಯಗಳೆಲ್ಲ ಮುಂದಿರುವಾಗ ಒಬ್ಬನ ಒಂದು ಆಜ್ಞೆಗೆ ಇಡೀ ಪತನವನ್ನು ಕಟ್ಟುವುದು ಸೋಮಾರಿತನ.

ಈ ಕಥೆಯಿಂದಾದ ದೊಡ್ಡ ನಷ್ಟ ಶಿರಾದ್ದಲ್ಲ, ಸುತ್ತಲಿನವರದ್ದು. ನಗರವನ್ನು ನಡುವಿಗಿಟ್ಟು ನೋಡಿದ ಕಣ್ಣಿಗೆ ಕಾಡುಗೊಲ್ಲರ ಹಟ್ಟಿ, ಮ್ಯಾಸಬೇಡರ ನೆಲೆ, ಕುಂಚಿಟಿಗರ ಊರು, ಮಾದಿಗರ ಕೇರಿ, ಕುರುಬರ ಮಂದೆ ಎಲ್ಲವೂ ಅಂಚಿನವಾಗಿ ಕಂಡವು. ನಿಜಕ್ಕೂ ಸುಬಾ ಬಾಳಿದ್ದು ಎಪ್ಪತ್ತು ವರ್ಷ. ಪಾವಗಡ ಕಡೆಯ ನಿಡುಗಲ್ಲು ಚೋಳ ಅರಸರ ನೆಲೆಯಾಗಿದ್ದದ್ದು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ. ಗಡಿಯಾಚೆ ಈಗ ಆಂಧ್ರಕ್ಕೆ ಸೇರಿರುವ ಹೇಮಾವತಿಯ ನೊಳಂಬರದು ಅದಕ್ಕೂ ಹಿಂದಿನ ಆಳ್ವಿಕೆ. ಈ ನೆಲಕ್ಕೆ ಶಿರಾ ಮೂಲವೂ ಅಲ್ಲ, ಕೊನೆಯೂ ಅಲ್ಲ.

ಕದಲದೆ ಉಳಿದವರ ಸಾಕ್ಷ್ಯವೂ ಬುಕಾನನ್‌ನಲ್ಲೇ ಇದೆ. ಮಧುಗಿರಿ, ಚನ್ನರಾಯನದುರ್ಗದ ಸುತ್ತ ಮಳೆಗಾಲದ ತೊರೆಗಳು ಬೆಟ್ಟದಿಂದ ಹೊತ್ತು ತರುವ ಕಪ್ಪು ಮರಳನ್ನು ಬಳಿದು ಕಬ್ಬಿಣ ತೆಗೆಯುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ. ಆ ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಸಿ ಉಕ್ಕು ಮಾಡುತ್ತಿದ್ದರು. ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ಅದು ಬೇಕಿತ್ತು. ಯುದ್ಧ ಮುಗಿದ ಮರುವರ್ಷವೇ ನಡೆಯುತ್ತಿದ್ದ ಕಸುಬು ಇದು. ಮರಳು ಬಳಿಯುವವರು, ಇದ್ದಿಲು ಸುಡುವವರು, ತಿದಿ ಒತ್ತುವವರು ಒಂದೇ ಸೀಮೆಯಲ್ಲಿ ಒಟ್ಟಿಗಿರದೆ ಇದು ಸಾಗುವಂಥದ್ದಲ್ಲ. ಜನ ತೊರೆದ ನಾಡಿನ ಲಕ್ಷಣ ಇದಲ್ಲ.

ಇನ್ನೊಂದು ಸಾಕ್ಷ್ಯ ಬಾಯಿಮಾತಿನದು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ದೊಡ್ಡ ನೆಲೆ. ಬಿದಿರಿನ ಉದ್ದ ಗಣೆ ಊದುತ್ತ ಹಾಡುವ, ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯವನ್ನು ಜಾನಪದದವರು ಸಂಗ್ರಹಿಸಿದ್ದಾರೆ, ಇತಿಹಾಸದವರು ಓದಿಲ್ಲ. ಹಾಡಿಗೆ ತೇದಿ ಇಲ್ಲ ಎಂಬ ನೆಪ ಸಿದ್ಧವಾಗಿದೆ. 50,000 ಮನೆಗಳಿಗೆ ಮಾತ್ರ ಯಾವ ತೇದಿಯ ದಾಖಲೆಯಿತ್ತು? ಆ ಕಾವ್ಯದ ಲೋಕ ದನ, ಹುಲ್ಲುಗಾವಲು, ನೀರಿನ ತಾವುಗಳ ಸುತ್ತ ನಿಂತಿದೆ. ಸುಬೇದಾರನ ದರ್ಬಾರು ಅದರ ನಡುವೆ ಇಲ್ಲ. ಶಿರಾದ ಪಕ್ಕದಲ್ಲೇ ಬದುಕಿದ ಜನಕ್ಕೆ ಶಿರಾ ಕೇಂದ್ರವಾಗಿರಲಿಲ್ಲ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳುವ ಕಡತ ನನಗೆ ಕಂಡಿಲ್ಲ.

ಆದ್ದರಿಂದ 12,000ದ ಅಂಕಿಯನ್ನು ಕೈಬಿಡಬೇಕಾಗಿಲ್ಲ. ಯುದ್ಧದಿಂದ ಬಳಲಿದ ಪಟ್ಟಣವೊಂದು ತನ್ನ ಹಾನಿಯನ್ನು ಹೇಗೆ ನೆನೆಯಿತು ಎಂಬುದಕ್ಕೆ ಅದು ಆಧಾರವಾಗಿ ಉಳಿಯಲಿ. ಜನಸಂಖ್ಯೆಯ ಆಧಾರವಾಗಿ ಬಳಸುವವರು ಅದರ ಪಕ್ಕದಲ್ಲಿ ಗಂಜಾಂನ 3,335ನ್ನೂ ಬರೆಯಲಿ. ನಾಲ್ಕು ತಾಲ್ಲೂಕುಗಳ ಚರಿತ್ರೆಯಂತೂ ಸುಬೇದಾರರ ಪಟ್ಟಿಯಿಂದಲ್ಲ, ಹಟ್ಟಿ, ಕೆರೆ, ಕುಲುಮೆಗಳಿಂದ ಮೊದಲಾಗಬೇಕು.