ಸುಂಕದವನ ಮುಂದೆ ಅರ್ಥಶಾಸ್ತ್ರ

1882ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ವಿಲಾಯಿತಿ ಹತ್ತಿ ಬಟ್ಟೆಯ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಬೊಕ್ಕಸಕ್ಕೆ ಹಣ ಸಾಲದೆ 1894ರಲ್ಲಿ ಶೇ 5ರಷ್ಟು ಸುಂಕವನ್ನು ಮತ್ತೆ ಹಾಕಬೇಕಾಯಿತು. ಲ್ಯಾಂಕಾಶೈರಿನ ಗಿರಣಿ ಮಾಲೀಕರು ಗುಲ್ಲೆಬ್ಬಿಸಿದರು. 1896ರಲ್ಲಿ ಸುಂಕ ಶೇ 3.5ಕ್ಕೆ ಇಳಿಯಿತು, ಅಷ್ಟೇ ದರದ ಉತ್ಪಾದನಾ ತೆರಿಗೆ ಭಾರತದ ಗಿರಣಿಗಳ ಬಟ್ಟೆಯ ಮೇಲೂ ಬಿತ್ತು. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ಇಡೀ ದೇಶಕ್ಕೇ ಅನ್ವಯಿಸಿದ ಕಾಲ ಅದು. ಸುಂಕಕ್ಕೂ ದೇಶದ ಬೆಳವಣಿಗೆಗೂ ಏನು ಸಂಬಂಧ ಎಂಬ ಪ್ರಶ್ನೆ ನಮ್ಮಲ್ಲಿ ಪುಸ್ತಕದಿಂದ ಹುಟ್ಟಿದ್ದಲ್ಲ, ಇಂಥ ಅನುಭವದಿಂದ ಹುಟ್ಟಿದ್ದು.

ಪುಸ್ತಕಗಳಂತೂ ಆಗಲೇ ಇದ್ದವು. 1776ರಲ್ಲಿ ಆಡಂ ಸ್ಮಿತ್, 1817ರಲ್ಲಿ ಡೇವಿಡ್ ರಿಕಾರ್ಡೊ ಮುಕ್ತ ವ್ಯಾಪಾರದ ಪರ ವಾದ ಕಟ್ಟಿದ್ದರು. ಪ್ರತಿ ದೇಶವೂ ತಾನು ಹೋಲಿಕೆಯಲ್ಲಿ ಚೆನ್ನಾಗಿ ಮಾಡುವುದನ್ನು ಮಾಡಿ ಉಳಿದದ್ದನ್ನು ಕೊಂಡರೆ ಇಬ್ಬರಿಗೂ ಲಾಭ ಎಂಬ ರಿಕಾರ್ಡೊ ಮಾತು ಇಂದಿಗೂ ಕಾಲೇಜಿನ ಮೊದಲ ಪಾಠ. ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ, ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಎದುರು ವಾದ ಹೂಡಿದರು: ಎಳೆಯ ಉದ್ಯಮ ಬಲಿಯುವ ತನಕ ಅದಕ್ಕೆ ರಕ್ಷಣೆ ಬೇಕು. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಉಪನ್ಯಾಸ ಕೊಟ್ಟ ಮಹಾದೇವ ಗೋವಿಂದ ರಾನಡೆ ಲಿಸ್ಟ್‌ನ ವಾದವನ್ನು ಭಾರತಕ್ಕೆ ತಂದರು. ಇಂಗ್ಲೆಂಡಿನ ಸೂತ್ರಗಳು ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ ಎಂದು ವಾದಿಸಿದರು.

ಈ ವಾದಕ್ಕೆ ಸರ್ಕಾರಿ ಮೊಹರು ಬಿದ್ದದ್ದು ಇಬ್ರಾಹಿಂ ರಹಿಮ್ತುಲ್ಲಾ ಅಧ್ಯಕ್ಷತೆಯ ಫಿಸ್ಕಲ್ ಆಯೋಗದಿಂದ. 1921ರಲ್ಲಿ ನೇಮಕವಾದ ಆ ಆಯೋಗ ಆಯ್ದ ಉದ್ಯಮಗಳಿಗೆ ಮಾತ್ರ ರಕ್ಷಣೆ ಎಂದಿತು, ಮೂರು ಷರತ್ತು ಹಾಕಿತು. ಉದ್ಯಮಕ್ಕೆ ಕಚ್ಚಾಮಾಲು, ಕೂಲಿಯಾಳು, ಮಾರುಕಟ್ಟೆಯಂಥ ಸಹಜ ಅನುಕೂಲ ಇರಬೇಕು. ರಕ್ಷಣೆಯಿಲ್ಲದೆ ಅದು ಬೆಳೆಯುವಂತಿರಬಾರದು. ಮುಂದೊಂದು ದಿನ ರಕ್ಷಣೆ ಬಿಟ್ಟು ನಿಲ್ಲುವಂತಿರಬೇಕು. ಈ ಕ್ಷೇತ್ರದ ನೂರು ವರ್ಷಗಳ ಜಗಳವೆಲ್ಲ ಆ ಮೂರನೆಯ ಷರತ್ತಿನ ಸುತ್ತಲೇ ನಡೆದಿದೆ ಎನ್ನುವುದು ನನ್ನ ಅಭಿಪ್ರಾಯ.

1924ರಲ್ಲಿ ಉಕ್ಕಿಗೆ, 1932ರಲ್ಲಿ ಸಕ್ಕರೆಗೆ ರಕ್ಷಣೆ ಸಿಕ್ಕಿತು. ಸಕ್ಕರೆಯ ಕಥೆ ನಮಗೆ ಹತ್ತಿರದ್ದು. ಅಲ್ಲಿಯವರೆಗೆ ಜಾವಾದಿಂದ ಹಡಗುಗಟ್ಟಲೆ ಸಕ್ಕರೆ ಬರುತ್ತಿತ್ತು. ದೇಶದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳು ಐದಾರು ವರ್ಷಗಳಲ್ಲಿ 130 ದಾಟಿದವು, ಜಾವಾ ಸಕ್ಕರೆ ಹೆಚ್ಚುಕಡಿಮೆ ನಿಂತೇಹೋಯಿತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಹುಟ್ಟಿದ್ದು ಇದೇ ಗಳಿಗೆಯಲ್ಲಿ. ಕನ್ನಂಬಾಡಿಯ ನೀರು ಇಲ್ಲದಿದ್ದರೆ ಕಬ್ಬಿಲ್ಲ, ನಿಜ; ಆದರೆ ಆಮದು ಸುಂಕ ಇಲ್ಲದಿದ್ದರೆ ಆ ಕಬ್ಬಿಗೆ ಬೆಲೆ ಎಲ್ಲಿಂದ ಬರುತ್ತಿತ್ತು? ರಕ್ಷಣೆಯ ಪರ ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸಕ್ಕರೆ ಕೊಳ್ಳುವವರು ಅಷ್ಟೂ ವರ್ಷ ತೆತ್ತ ಹೆಚ್ಚಿನ ದರವನ್ನು ಮಾತ್ರ ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸ್ವಾತಂತ್ರ್ಯದ ನಂತರ ಗಾಳಿ ಪೂರ್ತಿ ರಕ್ಷಣೆಯ ಕಡೆಗೆ ಬೀಸಿತು. ಕಚ್ಚಾಮಾಲು ಮಾರುವ ದೇಶಗಳಿಗೆ ಕಾಲಕ್ರಮೇಣ ನಷ್ಟವೇ ಎಂದು ರೌಲ್ ಪ್ರೆಬಿಷ್ ಮತ್ತು ಹಾನ್ಸ್ ಸಿಂಗರ್ 1950ರ ಹೊತ್ತಿಗೆ ಬರೆದಿದ್ದರು. ಮಹಲನೋಬಿಸ್ ರೂಪಿಸಿದ ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಸುಂಕಕ್ಕಿಂತ ಲೈಸೆನ್ಸ್, ಕೋಟಾಗಳೇ ದೊಡ್ಡ ಗೋಡೆಯಾದವು. ಮೂರನೆಯ ಷರತ್ತನ್ನು ಎಲ್ಲರೂ ಮರೆತರು.

ಆ ಗೋಡೆಯನ್ನು ಹತ್ತಿರದಿಂದ ನೋಡಿದವರು ಬಹುಪಾಲು ಭಾರತೀಯರೇ ಎಂಬುದು ಹೆಮ್ಮೆಯ ವಿಷಯ. 1963ರಲ್ಲಿ ಜಗದೀಶ್ ಭಗವತಿ ಮತ್ತು ವಿ.ಕೆ. ರಾಮಸ್ವಾಮಿ ಒಂದು ಸರಳ ಮಾತು ಹೇಳಿದರು: ಕೊರತೆ ದೇಶದೊಳಗೆ ಇದ್ದರೆ ಮದ್ದನ್ನೂ ಅಲ್ಲೇ ಹಾಕಿ. ಕುಶಲ ಕೆಲಸಗಾರರಿಲ್ಲವೇ, ತರಬೇತಿಗೆ ಸಹಾಯಧನ ಕೊಡಿ; ಗಡಿಯಲ್ಲಿ ಸುಂಕ ಹಾಕಿದರೆ ಗಿರಾಕಿಗೆ ಸುಮ್ಮನೆ ಬರೆ ಬೀಳುತ್ತದೆ. 1974ರಲ್ಲಿ ಆನ್ ಕ್ರೂಗರ್ ಇನ್ನೊಂದು ಲೆಕ್ಕ ತೆಗೆದರು. ಲೈಸೆನ್ಸ್ ಮತ್ತಿತರ ಸರ್ಕಾರಿ ನಿಯಂತ್ರಣಗಳಿಂದ ಕೂತಲ್ಲೇ ಸಿಗುವ ಲಾಭ ಭಾರತದಲ್ಲಿ 1964ರ ಹೊತ್ತಿಗೆ ರಾಷ್ಟ್ರೀಯ ವರಮಾನದ ಶೇ 7.3ರಷ್ಟಿತ್ತು ಎಂದು ಅವರು ಅಂದಾಜು ಮಾಡಿದರು. ಅಷ್ಟು ಹಣ ಕಣ್ಣೆದುರು ಇರುವಾಗ ಕಾರ್ಖಾನೆ ಸುಧಾರಿಸುವುದಕ್ಕಿಂತ ದೆಹಲಿಗೆ ಓಡಾಡುವುದೇ ಲಾಭದ ಕೆಲಸವಾಗುತ್ತದೆ.

ಈ ಅವಧಿಯ ಅತ್ಯಂತ ಉಪಯುಕ್ತ ಚಿಂತನೆ ಮ್ಯಾಕ್ಸ್ ಕಾರ್ಡನ್ 1966ರಲ್ಲಿ ಮಂಡಿಸಿದ ನಿಜ ರಕ್ಷಣೆಯ ಲೆಕ್ಕ. ಒಂದು ರೇಷ್ಮೆ ಬಟ್ಟೆಯ ಅಂತರರಾಷ್ಟ್ರೀಯ ಬೆಲೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ನೂಲಿಗೆ 60, ನೇಕಾರನ ಪಾಲಿಗೆ 40. ಬಟ್ಟೆಯ ಮೇಲೆ ಶೇ 10, ನೂಲಿನ ಮೇಲೆ ಶೇ 30 ಸುಂಕ ಹಾಕಿದರೆ ಬಟ್ಟೆ 110ಕ್ಕೆ ಮಾರೀತು, ನೂಲು 78 ಆದೀತು. ನೇಕಾರನಿಗೆ ಉಳಿಯುವುದು 32. ಕಾಗದದ ಮೇಲೆ ಅವನಿಗೆ ಶೇ 10ರ ರಕ್ಷಣೆ. ಕೈಗೆ ಬರುವುದು ಶೇ 20 ಕಡಿಮೆ! ಇದು ಬರೀ ಪಾಠದ ಲೆಕ್ಕವಲ್ಲ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 2011ರಲ್ಲಿ ಶೇ 30ರಿಂದ 5ಕ್ಕೆ ಇಳಿಸಿದಾಗ ನೇಕಾರರಿಗೆ ಉಸಿರು ಬಂತು, ಗೂಡು ಬೆಳೆಯುವ ರೈತರು ಕಂಗಾಲಾದರು. 2013ರಲ್ಲಿ ಅದು ಮತ್ತೆ ಶೇ 15ಕ್ಕೆ ಏರಿತು. ಆಮೇಲೆ ಇಳಿದು, 2021ರಲ್ಲಿ ಶೇ 10ರಿಂದ ಪುನಃ 15ಕ್ಕೆ ಬಂತು. ಒಬ್ಬರ ರಕ್ಷಣೆ ಇನ್ನೊಬ್ಬರ ಖರ್ಚು ಎಂಬುದನ್ನು ರಾಮನಗರದ ಗೂಡು ಮಾರುಕಟ್ಟೆಗೆ ಬರುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕಾರ್ಡನ್, ಕ್ರೂಗರ್ ಈ ಲೆಕ್ಕ ಹಾಕುತ್ತಿದ್ದ ಕಾಲದಲ್ಲೇ ದಕ್ಷಿಣ ಕೊರಿಯಾ ವಾದದ ಎರಡೂ ಪಕ್ಷವನ್ನು ಗೊಂದಲಕ್ಕೆ ಕೆಡವಿತ್ತು. ಅದು ರಫ್ತಿನಿಂದ ಬೆಳೆಯಿತು ಎಂದು ಮುಕ್ತ ವ್ಯಾಪಾರದವರು, ರಕ್ಷಣೆಯಿಂದ ಬೆಳೆಯಿತು ಎಂದು ಎದುರಿನವರು ಹೇಳಿಕೊಂಡರು. ಆಲಿಸ್ ಆಮ್ಸ್‌ಡೆನ್ 1989ರ ಪುಸ್ತಕದಲ್ಲಿ ತೋರಿಸಿದಂತೆ ಎರಡೂ ನಿಜ: ಅಲ್ಲಿನ ಸರ್ಕಾರ ರಕ್ಷಣೆ ಕೊಟ್ಟಿತು, ಬದಲಿಗೆ ಇಷ್ಟು ರಫ್ತು ಮಾಡಲೇಬೇಕು ಎಂದು ಗುರಿ ಕೊಟ್ಟು ಕಿವಿ ಹಿಂಡಿತು. ನಾವು ಕೊಟ್ಟೆವು, ಕೇಳಲಿಲ್ಲ.

1990ರ ದಶಕ ಕಂಪ್ಯೂಟರ್ ಲೆಕ್ಕಗಳ ಕಾಲ. ತೆರೆದ ದೇಶಗಳು ಮುಚ್ಚಿದ ದೇಶಗಳಿಗಿಂತ ವೇಗವಾಗಿ ಬೆಳೆದಿವೆ ಎಂದು 1995ರಲ್ಲಿ ಜೆಫ್ರಿ ಸಾಕ್ಸ್ ಮತ್ತು ಆಂಡ್ರ್ಯೂ ವಾರ್ನರ್ ಸಾರಿದರು. ಡಾನಿ ರಾಡ್ರಿಕ್ ಮತ್ತು ಫ್ರಾನ್ಸಿಸ್ಕೊ ರಾಡ್ರಿಗಸ್ ಆ ಅಳತೆಗೋಲುಗಳನ್ನೇ ಬಿಚ್ಚಿ ನೋಡಿ, ಅವು ಸುಂಕಕ್ಕಿಂತ ಹೆಚ್ಚಾಗಿ ಬೇರೆ ದುರಾಡಳಿತಗಳನ್ನು ಅಳೆಯುತ್ತಿವೆ ಎಂದು ತೋರಿಸಿದರು. ಹತ್ತಾರು ದೇಶಗಳನ್ನು ಒಂದೇ ಸಮೀಕರಣಕ್ಕೆ ತುಂಬುವ ಉತ್ಸಾಹ ಅಲ್ಲಿಗೆ ತಣ್ಣಗಾಯಿತು. ಹಾಗಾದದ್ದೇ ಒಳ್ಳೆಯದಾಯಿತು.

ಏಕೆಂದರೆ ಆಮೇಲೆ ಬಂದವರು ಒಂದೊಂದೇ ಘಟನೆಯನ್ನು ಹಿಡಿದು ಕೂತರು. ನೆಪೋಲಿಯನ್ ಕಾಲದ ದಿಗ್ಬಂಧನದಲ್ಲಿ ಇಂಗ್ಲೆಂಡಿನ ನೂಲು ಬಾರದಂತಾದ ಉತ್ತರ ಫ್ರಾನ್ಸಿನಲ್ಲಿ ನೂಲುವ ಗಿರಣಿಗಳು ಬೇರೂರಿ, ದಿಗ್ಬಂಧನ ಮುಗಿದ ಮೇಲೂ ಉಳಿದವು ಎಂದು ರೇಕಾ ಯುಹಾಸ್ 2018ರಲ್ಲಿ ತೋರಿಸಿದರು. ಲಿಸ್ಟ್‌ಗೆ ಸಿಕ್ಕ ತಡವಾದ ಜಯ. 1991ರ ನಂತರದ ಭಾರತ ಇಂಥ ಅಧ್ಯಯನಕ್ಕೆ ಹೇಳಿಮಾಡಿಸಿದ ಪ್ರಯೋಗಶಾಲೆ. ಆ ವರ್ಷದ ಬಜೆಟ್ ಗರಿಷ್ಠ ಸುಂಕವನ್ನು ಶೇ 150ಕ್ಕೆ ಇಳಿಸಿತು. ಕೃಷಿಯೇತರ ಸರಕಿನ ಮೇಲೆ ಅದು 2007ರ ಹೊತ್ತಿಗೆ ಶೇ 10ಕ್ಕೆ ಬಂತು. ಪಿನೆಲೋಪಿ ಗೋಲ್ಡ್‌ಬರ್ಗ್, ಅಮಿತ್ ಖಂಡೇಲ್ವಾಲ್ ಮತ್ತವರ ಜೊತೆಗಾರರು ನಮ್ಮ ಕಂಪನಿಗಳ ಲೆಕ್ಕಪತ್ರ ಹುಡುಕಿ, ಆಗ ಬಂದ ಹೊಸ ಉತ್ಪನ್ನಗಳಲ್ಲಿ ಸುಮಾರು ಶೇ 31ಕ್ಕೆ ಕಾರಣ ಬಿಡಿಭಾಗ, ಕಚ್ಚಾಮಾಲುಗಳ ಸುಂಕ ಇಳಿದದ್ದೇ ಎಂದರು. ಅದೇ ತಂಡದ ಪೆಟಿಯಾ ಟೋಪಲೋವಾ ಇನ್ನೊಂದು ಮುಖ ತೋರಿಸಿದರು: ಸುಂಕ ಇಳಿತದ ಪೆಟ್ಟು ಹೆಚ್ಚು ಬಿದ್ದ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಉಳಿದೆಡೆಗಿಂತ ನಿಧಾನವಾಗಿ ಇಳಿಯಿತು. ದೇಶ ಬೆಳೆಯಿತು, ಆದರೆ ಕೆಲಸ ಕಳೆದುಕೊಂಡವರು ಗಂಟುಮೂಟೆ ಕಟ್ಟಿ ಹೊಸ ಕೆಲಸವಿರುವ ಊರಿಗೆ ಹೋಗಲಿಲ್ಲ.

2018ರಲ್ಲಿ ಅಮೆರಿಕ ಹಾಕಿದ ಸುಂಕದ ಹೊರೆ ಬಹುಪಾಲು ಅಮೆರಿಕದವರ ಮೇಲೇ ಬಿತ್ತು ಎಂದು ಮುಂದಿನ ಎರಡು ವರ್ಷಗಳ ಅಧ್ಯಯನಗಳು ಹೇಳಿದವು. ಅಲ್ಲಿನ ರಾಜಕೀಯ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 2025ರ ಆಗಸ್ಟ್‌ನಲ್ಲಿ ಭಾರತದ ಹಲವು ಸರಕುಗಳ ಮೇಲೆ ಶೇ 50ರ ಸುಂಕ ಬಿತ್ತು. ನಾವು ದೂರುವ ಮುನ್ನ ನಮ್ಮ ಪಟ್ಟಿಯನ್ನೂ ನೋಡಿಕೊಳ್ಳಬೇಕು. 2014ರಲ್ಲಿ ಶೇ 13.5 ಇದ್ದ ನಮ್ಮ ಸರಾಸರಿ ಸುಂಕ ಮುಂದಿನ ನಾಲ್ಕೈದು ವರ್ಷಗಳಲ್ಲಿ ಶೇ 17 ದಾಟಿತ್ತು.

ಸಂಶೋಧನೆ ಇಷ್ಟು ದೂರ ಬಂದ ಮೇಲೆ ಸುಂಕ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಹಳಸಲು. ಯಾವುದರ ಮೇಲೆ, ಯಾವ ಗುರಿಗೆ ಕಟ್ಟಿ, ಯಾವ ತಾರೀಖಿನವರೆಗೆ ಎಂದು ಕೇಳಬೇಕು. 2021ರಲ್ಲಿ ಕಸ್ಟಮ್ಸ್ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ಷರತ್ತುಬದ್ಧ ಸುಂಕ ವಿನಾಯಿತಿಗಳು ಬೇರೆ ಸೂಚನೆ ಇಲ್ಲದಿದ್ದರೆ ಎರಡು ವರ್ಷ ಕಳೆದು ಬರುವ ಮಾರ್ಚ್ 31ಕ್ಕೆ ತಾವಾಗಿಯೇ ರದ್ದಾಗುತ್ತವೆ. ಮೂಲ ಸುಂಕಕ್ಕೆ ಅಂಥ ಗಡುವು ಇಲ್ಲ.